ಹನ್ನೊಂದು ಹೆಸರು

"ಇವ್ರು ಯಾರು?" ಶಿವದೇವಿ ಫೋಟೋದ ಮೇಲೆ ಬೆರಳಿಟ್ಟು ಕೇಳಿದಳು.

"ಗೋಲಿ" ಅಂದ ಸೂಗಪ್ಪ.

"ಗೋಲಿ ಅಂಬೋದು ಖರೇರಿ. ಹೆಸರು?"

ಸೂಗಪ್ಪ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಆ ಫೈನಲ್‌ದಾಗ ಪೆನಾಲ್ಟಿ ಹಿಡದಾವ ಇವನ. ಬಲಕ್ಕ ಜಿಗದ. ನಾವೆಲ್ಲಾ ಎಡಕ್ಕ ಜಿಗೀತಾನ ಅಂದ್ಕೊಂಡಿದ್ವಿ."

"ಹೆಸರು ಹೇಳ್ರಿ."

"ರಾ..." ಅಂದವನು ಅಲ್ಲೇ ನಿಂತ. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ.

"ರಾಮದಾಸ. ಬಳ್ಳಾರಿಯವ್ರು. ಹೋದ ವರ್ಷ ಹೆಂಡ್ತಿ ತೀರ್ಕೊಂಡ್ರು. ಮನೀಯವ್ರು ಹೆಂಗ ಅದಾರ ಅಂತ ಮಾತ್ರ ಕೇಳಬ್ಯಾಡ್ರಿ."

ಒಂದು ವಾರದಿಂದ ಕುಷಾಯಿಗೂಡದ ಆ ಎರಡು ಕೋಣೆಯ ಮನೆಯಲ್ಲಿ ಇದೇ ಪಾಠ ನಡೆದಿತ್ತು. ಭಾನುವಾರ ಕಾರ್ಖಾನೆಯ ಮೈದಾನದಲ್ಲಿ ಹಳೆಯ ಫುಟ್‌ಬಾಲ್ ತಂಡದವರ ಕೂಟ. ಕಳೆದ ವರ್ಷ ಗಂಡನಿಗೆ ಜ್ವರ ಅಂತ ಹೇಳಿ ಶಿವದೇವಿ ತಪ್ಪಿಸಿದ್ದಳು. ಈ ಸಲ ರಾಮದಾಸ ಖುದ್ದಾಗಿ ಬಂದು ಕರೆದು ಹೋಗಿದ್ದ.

ಫೋಟೋ ಎಪ್ಪತ್ತನಾಲ್ಕನೇ ಇಸವಿಯದು. ಫೈನಲ್ ಶುರುವಾಗುವ ಮೊದಲು ಹನ್ನೊಂದು ಜನ ಸಾಲಾಗಿ ನಿಂತಿದ್ದಾರೆ. ಮುಖ್ಯ ಅತಿಥಿಯಾಗಿ ಬಂದ ಮಂತ್ರಿಗಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಗೋಲ್‌ಕೀಪರ್ ರಾಮದಾಸನ ಕೈ ಕುಲುಕುತ್ತಿದ್ದಾರೆ. ಬೇರೆ ತಂಡಗಳಲ್ಲಿ ಕ್ಯಾಪ್ಟನ್ ಒಬ್ಬನೇ ಎಲ್ಲರ ಹೆಸರು ಹೇಳಿಕೊಂಡು ಹೋಗುತ್ತಿದ್ದ. ಸೂಗಪ್ಪ ಕ್ಯಾಪ್ಟನ್ ಆದ ಮೇಲೆ ಆ ಪದ್ಧತಿ ತೆಗೆದುಹಾಕಿದ. ಅವರವರ ಹೆಸರು ಅವರವರೇ ಎದೆಯುಬ್ಬಿಸಿ ಹೇಳಬೇಕು. "ಮಂತ್ರಿಗಳಿಗೆ ನಮ್ಮ ಹೆಸರು ಹೆಂಗ ಗೊತ್ತಿರತೈತಿ? ಗೊತ್ತಿಲ್ಲದವ್ರಿಗೆ ಹೇಳಾಕ ನಾಚಿಕಿ ಯಾಕ?" ಅನ್ನುತ್ತಿದ್ದನಂತೆ. ಆ ಮಂತ್ರಿಗಳು ಒಬ್ಬೊಬ್ಬರಿಗೂ "ಅಚ್ಛಾ ಖೇಲೋ", ಚಲೋ ಆಡ್ರಿ, ಅಂದದ್ದನ್ನು ಮದುವೆಯಾದ ಹೊಸದರಲ್ಲಿ ಅವಳಿಗೆ ನೂರು ಸಲ ನಟಿಸಿ ತೋರಿಸಿದ್ದ.

ರಾಯಚೂರಿನ ಹುಡುಗನನ್ನು ಕಾರ್ಖಾನೆಯವರು ಕೆಲಸಕ್ಕೆ ತೆಗೆದುಕೊಂಡದ್ದೇ ತಲೆಗಾಗಿ. ಸೆಂಟರ್ ಹಾಫ್ ಸೂಗಪ್ಪ ಹೆಡ್ ಮಾಡಲು ಜಿಗಿದರೆ ಚೆಂಡು ಎದುರಾಳಿಗೆ ಸಿಗುವ ಮಾತೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ರುಜು ಹಾಕುವುದು, ಮೈದಾನಕ್ಕೆ ಇಳಿಯುವುದು, ಅಷ್ಟೇ ಅವನ ನೌಕರಿ. ದಿನಾ ಬೆಳಿಗ್ಗೆ ಕೋಚ್ ನೂರು ಚೆಂಡು ಎಸೆಯುತ್ತಿದ್ದರು, ಇವನು ನೂರನ್ನೂ ಹಣೆಯಿಂದ ಹೊಡೆಯುತ್ತಿದ್ದ. ಅಂದಿನದು ದಾರ ಕಟ್ಟಿದ ತೊಗಲಿನ ಚೆಂಡು, ಮಳೆಗೆ ನೆಂದರೆ ಕಲ್ಲಾಗುತ್ತಿತ್ತು. ಎರಡು ಸಲ ಮೈದಾನದಲ್ಲೇ ಎಚ್ಚರ ತಪ್ಪಿ ಬಿದ್ದು, ಮುಖಕ್ಕೆ ನೀರು ಹೊಡೆಸಿಕೊಂಡು, ಎದ್ದು ಆಟ ಮುಗಿಸಿದ್ದ. ಜನ ಅದನ್ನು ಇವತ್ತಿಗೂ ಹೊಗಳುತ್ತಾರೆ.

ನಾಲ್ಕು ವರ್ಷದ ಹಿಂದೆ ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿ. ಜೊತೆಗೆ ಸಿಟ್ಟು ಬಂತು. ಹಿಂದೆಂದೂ ಹೆಂಡತಿಗೆ ಏಕವಚನದಲ್ಲಿ ಗದರಿಸದ ಗಂಡ ಒಂದು ದಿನ ಊಟದ ತಾಟು ಎತ್ತಿ ಒಗೆದ. ಬಳೆ ಒಡೆದು ಅವಳ ಮಣಿಕಟ್ಟಿಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಅದೇ ಕೈ ಹಿಡಿದುಕೊಂಡು, ಇದು ಹೇಗಾಯಿತು ಅಂತ ಕೇಳುತ್ತಾ ಮಗುವಿನಂತೆ ಅತ್ತ. ಶಿವದೇವಿಗೆ ತಾಟು ಒಗೆದದ್ದಕ್ಕಿಂತ ಆ ಅಳುವೇ ತಡೆಯಲಾಗಲಿಲ್ಲ.

ಅವನು ಓಣಿಯಲ್ಲಿ ತೂರಾಡುತ್ತಾ ಬೇರೆಯವರ ಮನೆ ಬಾಗಿಲು ಬಡಿದಾಗ ಜನ ಕುಡಿದಿದ್ದಾನೆ ಅಂದುಕೊಂಡರು. ಶಿವದೇವಿ ತುಟಿ ಪಿಟಕ್ಕೆನ್ನಲಿಲ್ಲ. ಮಗಳು ಶೋಭಾಳಿಗೆ ಗಂಡು ನೋಡುತ್ತಿದ್ದರು. ಕುಡುಕನ ಮಗಳನ್ನು ಯಾರಾದರೂ ಮಾಡಿಕೊಂಡಾರು, ತಲೆಕೆಟ್ಟವನ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ಅದು ರಕ್ತದಲ್ಲೇ ಇಳಿದು ಬರುತ್ತದೆ ಅನ್ನುವವರೇ ಎಲ್ಲ. ಹಾಗಾಗಿ ಅವಳು ಗುಜರಿಯವನ ಹತ್ತಿರ ಖಾಲಿ ಬಾಟಲಿ ಕೇಳಿ ತಂದು, ವಾರಕ್ಕೆರಡು ಸಲ ಕಸದ ಬುಟ್ಟಿಯಲ್ಲಿ ನಾಲ್ಕು ಜನಕ್ಕೆ ಕಾಣುವ ಹಾಗೆ ಇಡತೊಡಗಿದಳು. ಮೂರು ಹೊತ್ತು ವಿಭೂತಿ ಹಚ್ಚುವ ಮನೆಯ ಕಸದ ಬುಟ್ಟಿಯದು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಒಬ್ಬ ಎಳೆಯ ಡಾಕ್ಟರು, "ಇವರು ಬಾಕ್ಸರ್ ಆಗಿದ್ದರಾ?" ಅಂತ ಕೇಳಿದ್ದರು. ಅಲ್ಲ, ಫುಟ್‌ಬಾಲು ಅಂದಳು. ಅವರು ಪೆನ್ನು ಕೆಳಗಿಟ್ಟು, ಹೆಡ್ಡಿಂಗ್ ಎಷ್ಟು ಮಾಡುತ್ತಿದ್ದರು ಅಂತ ವಿಚಾರಿಸಿ, ಪೆಟ್ಟು ತಿಂದು ತಿಂದು ಒಳಗೆ ಹೀಗಾಗಿರಬಹುದು, ಇನ್ನು ಆ ತಲೆಗೆ ಒಂದು ಚೆಂಡೂ ತಾಗಬಾರದು ಅಂದರು. ಆ ಮಾತನ್ನೂ ಅವಳು ಯಾರಿಗೂ ಹೇಳಲಿಲ್ಲ.

ಭಾನುವಾರ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಮೂಲೆಯಲ್ಲಿ ಬಗಾರಾ ಅನ್ನದ ಡೇಗಿ ಹಬೆಯಾಡುತ್ತಿತ್ತು. ಶಿವದೇವಿ ಗಂಡನ ಎಡಭುಜದ ಹಿಂದೆ ಅರ್ಧ ಹೆಜ್ಜೆ ದೂರದಲ್ಲಿ ಜಾಗ ಹಿಡಿದಳು. ಯಾರಾದರೂ ಎದುರಿಗೆ ಬಂದರೆ ಅವಳೇ ಮೊದಲು ಗಟ್ಟಿಯಾಗಿ, "ಅಯ್ಯ, ವೀರಭದ್ರಪ್ಪಣ್ಣಾರು! ಮಣಕಾಲು ಹೆಂಗೈತ್ರಿ?" ಅನ್ನುತ್ತಿದ್ದಳು. ಅದನ್ನೇ ಹಿಡಿದು ಸೂಗಪ್ಪ, "ಏನಪಾ ವೀರಭದ್ರಪ್ಪ, ಮಣಕಾಲು ಹೆಂಗೈತಿ?" ಅಂತ ಕೈ ಹಿಡಿಯುತ್ತಿದ್ದ. ನಾಲ್ಕು ಜನ ಹೀಗೆ ದಾಟಿಹೋದರು. ಅವಳ ರವಿಕೆ ಬೆವರಿನಲ್ಲಿ ತೊಯ್ದಿತ್ತು.

ಆಗ ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನಿಂದ ಎರಡು ಬಸ್ಸು ಬದಲಾಯಿಸಿ ಅಮರೇಶಪ್ಪ ಬಂದ. ಸೂಗಪ್ಪನ ಬೆನ್ನಿಗೇ ಆಡುತ್ತಿದ್ದ ಫುಲ್ ಬ್ಯಾಕ್, ಹೆಡ್ ಮಾಡುವುದರಲ್ಲಿ ಇವನಿಗೆ ಸರಿಜೋಡಿ. ಕಿವಿಯಲ್ಲಿ ಕೇಳುವ ಮಷೀನು ಇತ್ತು. ಹೆಂಡತಿ ಪ್ರಫುಲ್ಲಾ ಅವನ ಎಡಭುಜದ ಹಿಂದೆ ಅರ್ಧ ಹೆಜ್ಜೆ ದೂರದಲ್ಲಿ ನಿಂತು ಗಟ್ಟಿಯಾಗಿ ಅಂದಳು: "ಅಯ್ಯ, ನಮ್ಮ ಸೂಗಪ್ಪಣ್ಣಾರು! ಕುಷಾಯಿಗೂಡದಾಗ ಎಲ್ಲಾ ಆರಾಮೇನ್ರಿ?"

"ಏನೋ ಸೂಗಪ್ಪಾ, ಕುಷಾಯಿಗೂಡದಾಗ ಆರಾಮೇನು?" ಅಂದ ಅಮರೇಶಪ್ಪ.

"ಇವ್ರಿಗೆ ಕಿವಿ ಕೇಳಂಗಿಲ್ಲಕ್ಕಾ, ಅದಕ್ಕ ಒದರಬೇಕು" ಅಂದಳು ಪ್ರಫುಲ್ಲಾ, ಯಾರೂ ಕೇಳದಿದ್ದರೂ.

ಅಷ್ಟರಲ್ಲಿ ಶಾಮಿಯಾನದ ಆಚೆ ತುದಿಯಲ್ಲಿ ಯಾರೋ ಚೆಂಡಿಗೆ ಗಾಳಿ ತುಂಬತೊಡಗಿದರು. ಪಂಪಿನ ಸದ್ದು ಎಷ್ಟು ಸಣ್ಣಗಿತ್ತೆಂದರೆ ಶಿವದೇವಿಗೆ ಕೇಳಿದ್ದೂ ಹೌದೋ ಅಲ್ಲವೋ. ಸೂಗಪ್ಪ, ಅಮರೇಶಪ್ಪ ಇಬ್ಬರೂ ಒಟ್ಟಿಗೆ ಅತ್ತ ತಿರುಗಿ ನೋಡಿದರು. ಶಿವದೇವಿ ಪ್ರಫುಲ್ಲಾಳ ಮುಖ ನೋಡಿದಳು. ಪ್ರಫುಲ್ಲಾ ನೆಲ ನೋಡಿದಳು.

ಕೈ ತೊಳೆಯುವ ಡ್ರಮ್ಮಿನ ಹತ್ತಿರ ಇಬ್ಬರೇ ಸಿಕ್ಕಾಗ ಶಿವದೇವಿ ಕೇಳಿಯೇಬಿಟ್ಟಳು. "ಆ ಮಷೀನಿನಾಗ ಸೆಲ್ ಐತೇನು ಪ್ರಫುಲ್ಲಾ?"

ಪ್ರಫುಲ್ಲಾ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು. "ಸೂಗಪ್ಪಣ್ಣ ಕುಡೀತಾರಂತ ಮೆಹದಿಪಟ್ಟಣಂ ತನಾ ಸುದ್ದಿ ಐತಿ" ಅಂದಳು ಕೊನೆಗೆ. "ಬಾಯಾಗ ವಾಸನಿನ ಇಲ್ಲಲ್ಲಕ್ಕಾ?"

"ಬಾಟ್ಲಿ ನಾನ ತಂದಿಡ್ತೀನಿ."

ಇಬ್ಬರಿಗೂ ಒಮ್ಮೆಗೇ ನಗು ಬಂತು. ನಗುತ್ತಾ ನಗುತ್ತಾ ಪ್ರಫುಲ್ಲಾಳ ಕಣ್ಣು ತುಂಬಿತು. ಅಮರೇಶಪ್ಪ ದಿನಾ ಬೆಳಿಗ್ಗೆ ಪ್ಯಾಂಟು ಹಾಕಿಕೊಂಡು, ಈಗ ಬಾರದ ಕಾರ್ಖಾನೆ ಬಸ್ಸಿಗಾಗಿ ಸ್ಟಾಪಿನಲ್ಲಿ ಹೋಗಿ ನಿಲ್ಲುತ್ತಾನಂತೆ. ಸಂಜೆಯಾದರೆ, ನಾನು ಸತ್ತುಹೋಗಬೇಕು ಅನ್ನುತ್ತಾನಂತೆ. "ನಾ ಹನ್ನೊಂದು ಸೋಮವಾರ ಹಿಡದೆ. ನಮ್ಮ ಹಿರೇರದ್ದು ಏನೋ ದೋಷ ಐತಿ ಅಂತ ಶಾಂತಿ ಮಾಡಿಸಿದೆ. ಎಲ್ಲಾರೂ ನನ್ನ ಕಾಲ್ಗುಣ ಅಂದ್ರಕ್ಕಾ."

ಶಿವದೇವಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಬಾಕ್ಸರಾ ಅಂತ ಕೇಳಿದ್ದು, ಹೆಡ್ಡಿಂಗು, ನೆಂದ ಚೆಂಡು, ಎಲ್ಲ. ಪ್ರಫುಲ್ಲಾ ಒದ್ದೆ ಕೈಯಲ್ಲೇ ಅವಳ ಕೈ ಹಿಡಿದಳು.

"ಹಂಗಾರ ಇದು ನಮ್ಮ ಮನೀ ದೋಷ ಅಲ್ಲ?"

"ಅಲ್ಲವ್ವಾ. ಅವ್ರು ಆಡಿದ ಆಟದ್ದು."

ಮೈಕಿನಲ್ಲಿ ರಾಮದಾಸನ ದನಿ ಕೇಳಿಸಿತು. ಪ್ರತಿ ಕೂಟದಲ್ಲೂ ನಡೆಯುವ ತಲೆಯಾಟಕ್ಕೆ ಕರೆಯುತ್ತಿದ್ದ: ಇಬ್ಬರು ಎದುರುಬದುರು ನಿಂತು ಚೆಂಡು ಕೆಳಗೆ ಬೀಳದಂತೆ ಹಣೆಯಿಂದ ಹಣೆಗೆ ಆಡಿಸಬೇಕು, ಉಳಿದವರು ಎಣಿಸಬೇಕು. "ನಮ್ಮ ಸೂಗಪ್ಪ, ನಮ್ಮ ಅಮರೇಶಪ್ಪ! ಬರ್ರಿ, ಬರ್ರಿ!"

ಹೆಂಗಸರು ಶಾಮಿಯಾನದ ಅಂಚಿಗೆ ಬರುವಷ್ಟರಲ್ಲಿ ಚೆಂಡು ಮೇಲೇರಿತ್ತು. ಸೂಗಪ್ಪ ಕತ್ತು ಹಿಂದಕ್ಕೆ ತೆಗೆದು ಹಣೆ ಕೊಟ್ಟ. ಠಪ್ಪೆಂದಿತು. ಅಮರೇಶಪ್ಪ ತಿರುಗಿ ಕೊಟ್ಟ. ಮುಖ ಗೊತ್ತಿಲ್ಲದ ಇಬ್ಬರಿಗೆ ಚೆಂಡು ಎಲ್ಲಿ ಬರುತ್ತದೆ ಅನ್ನುವುದು ಮಾತ್ರ ಗೊತ್ತಿತ್ತು. "ತೀನ್! ಚಾರ್!" ಅಂತ ಜನ ಕೂಗುತ್ತಿದ್ದರು. ಸೂಗಪ್ಪ ನಗುತ್ತಿದ್ದ. ಅವನು ಹಾಗೆ ನಕ್ಕು ವರ್ಷವಾಗಿತ್ತು. ಶಿವದೇವಿಗೆ ಕಾಲು ಕಿತ್ತಿಡಲಾಗಲಿಲ್ಲ. ಆ ನಗುವನ್ನು ಕಸಿದುಕೊಳ್ಳುವುದು ಹೇಗೆ? ಮತ್ತೆ ಠಪ್ಪೆಂದಿತು. ಅವಳು ನಡುವೆ ನುಗ್ಗಿದಳು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದೆಗವುಚಿಕೊಂಡಳು.

"ಫೌಲ್!" ಅಂತ ಯಾರೋ ನಕ್ಕರು.

"ಯಾಕ ವೈನಿ?" ಅಂದ ರಾಮದಾಸ. "ಇಪ್ಪತ್ತರ ತನಾ ಆಡ್ಲಿ ಬಿಡ್ರಿ."

"ಇವ್ರು ಕುಡಿಯಂಗಿಲ್ಲರಿ" ಅಂದಳು ಶಿವದೇವಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅದೇ ಮೊದಲು ಬಾಯಿಗೆ ಬಂತು. "ಒಂದಿನಾನೂ ಕುಡದಿಲ್ಲ. ಚೆಂಡು ಬಡದು ಬಡದು ತಲಿ ಹಿಂಗ ಆಗೈತಿ, ಡಾಕ್ಟರ್ ಹೇಳ್ಯಾರ. ಇವ್ರಿಗೆ ನಿಮ್ಮ ಯಾರ ಹೆಸರೂ ಗೊತ್ತಿಲ್ಲ. ಹಿಂದ ನಿಂತು ನಾ ಹೇಳಿಕೊಟ್ಟೀನಿ."

ಪ್ರಫುಲ್ಲಾ ಗಂಡನ ಹತ್ತಿರ ಹೋಗಿ ಅವನ ಕಿವಿಯಿಂದ ಮಷೀನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

ಸೂಗಪ್ಪನ ನಗು ಇಳಿದುಹೋಗಿತ್ತು. ಹಣೆಯ ಮೇಲೆ ಚೆಂಡಿನ ಮಣ್ಣು ಹಾಗೇ ಇತ್ತು. "ಯಾಕ ಹೇಳ್ದಿ?" ಅಂದ ಮೆಲ್ಲಗೆ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೂವತ್ತು ವರ್ಷ ಈ ಜನರ ಮುಂದೆ ತಲೆಯೆತ್ತಿ ನಿಂತ ಮನುಷ್ಯನನ್ನು ತಾನೇ ಬಟಾಬಯಲಿನಲ್ಲಿ ನಿಲ್ಲಿಸಿದ್ದಳು.

ರಾಮದಾಸ ಮೈಕು ಕೆಳಗಿಟ್ಟ. ಕುರ್ಚಿಗಳನ್ನು ಸರಿಸಿ ಮೈದಾನದ ಸುಣ್ಣದ ಗೆರೆಯ ಮೇಲೆ ಹೋಗಿ ನಿಂತ.

"ಏ ವೀರಭದ್ರಪ್ಪ, ಬಾ ಇಲ್ಲಿ. ಆವೋ ಭಾಯ್, ಸಬ್ ಲೈನ್ ಮೇ ಆವೋ. ಕ್ಯಾಪ್ಟನ್ ಕಾಯಿದೆ ಮರೆತ್ರೇನು? ಮುಖ್ಯ ಅತಿಥಿಗೆ ಹೆಸರು ಗೊತ್ತಿರಂಗಿಲ್ಲ. ನಾವ ಹೇಳ್ಬೇಕು."

ಹನ್ನೊಂದರಲ್ಲಿ ಮೂವರು ತೀರಿಕೊಂಡಿದ್ದರು. ಸೂಗಪ್ಪ, ಅಮರೇಶಪ್ಪ ಇಬ್ಬರನ್ನು ಬಿಟ್ಟು ಉಳಿದ ಐವರು ಒಬ್ಬೊಬ್ಬರಾಗಿ ಬಂದು ರಾಮದಾಸನ ಪಕ್ಕ ಗೆರೆಯ ಮೇಲೆ ನಿಂತರು. ಹೊಟ್ಟೆ ಒಳಗೆಳೆದುಕೊಂಡರು. ಸೂಗಪ್ಪ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದ. ಆಮೇಲೆ ಅಂಗಿ ಸರಿಮಾಡಿಕೊಂಡು ಹೋಗಿ ಮೊದಲನೆಯವನ ಮುಂದೆ ಕೈ ಚಾಚಿದ. ಅಮರೇಶಪ್ಪ ಅವನ ಹಿಂದೆ ಹೊರಟ.

"ರಾಮದಾಸ. ಗೋಲಿ. ಬಳ್ಳಾರಿ."

"ಚಲೋ ಆಡ್ರಿ" ಅಂದ ಸೂಗಪ್ಪ.

"ವೀರಭದ್ರಪ್ಪ. ಲೆಫ್ಟ್ ಔಟ್."

"ಚಲೋ ಆಡ್ರಿ."

ಒಬ್ಬ ತೆಲುಗಿನಲ್ಲಿ ಹೇಳಿದ, ಇಬ್ಬರು ಹಿಂದಿಯಲ್ಲಿ. ಒಬ್ಬ ಎರಡು ಸಲ ಹೇಳಬೇಕಾಯಿತು. ಸೂಗಪ್ಪ ಅವಸರ ಮಾಡಲಿಲ್ಲ, ಅವನು ಹೇಳಿ ಮುಗಿಸುವ ತನಕ ಕೈ ಹಿಡಿದುಕೊಂಡೇ ನಿಂತ.

ಸಾಲು ಮುಗಿದಲ್ಲಿ ಶಿವದೇವಿ ಚೆಂಡು ಹಿಡಿದುಕೊಂಡು ನಿಂತಿದ್ದಳು. ಅವನು ಅಲ್ಲಿಗೂ ಬಂದ. ಅವಳ ಮುಖ ನೋಡಿದ, ಅದೇ ಗತ್ತಿನಲ್ಲಿ ಕೈ ಚಾಚಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಕೈ ಕುಲುಕಿದವಳಲ್ಲ. ಚೆಂಡನ್ನು ಕೊಡದ ಹಾಗೆ ಎಡ ಸೊಂಟಕ್ಕೆ ಇಟ್ಟುಕೊಂಡು, ಬೆವರಿದ ಬಲಗೈಯನ್ನು ಸೆರಗಿಗೆ ಒರೆಸಿ ಮುಂದೆ ಮಾಡಿದಳು.

"ಶಿವದೇವಿ" ಅಂದಳು. "ಕುಷಾಯಿಗೂಡ."

"ಚಲೋ ಆಡ್ರಿ" ಅಂದ ಸೂಗಪ್ಪ. ಕೈ ಬಿಡಲಿಲ್ಲ. ಅವನ ಹಿಂದೆ ಅಮರೇಶಪ್ಪ ತನ್ನ ಸರದಿಗಾಗಿ ಕೈ ಚಾಚಿಕೊಂಡು ಕಾಯುತ್ತಿದ್ದ.