ಹಣೆಯ ಚರ್ಮದ ಮೂಗು

ಸ್ಟುಡಿಯೊದಲ್ಲಿ ಅಪ್ಪ ಫೋಟೊ ತೆಗೆಯುವುದು, ಮಗಳು ಕಂಪ್ಯೂಟರಿನಲ್ಲಿ ಮೊಡವೆ, ಕಲೆಗಳನ್ನು ಒರೆಸಿಹಾಕುವುದು ಮೊದಲಿನಿಂದ ಬಂದ ರೂಢಿ. ಈಗ ಕ್ಯಾಮೆರಾ ಮಗಳ ಕೈಗೆ ಬಂದಿತ್ತು. ಅಪ್ಪ ಪರದೆಯ ಹಿಂದೆ ಪ್ರಿಂಟು ಕತ್ತರಿಸುತ್ತಿದ್ದರು.

ಚರ್ಮದ ಕ್ಯಾನ್ಸರ್ ಆದ ಅಪ್ಪನ ಮೂಗಿನ ತುದಿಯನ್ನು ವೈದ್ಯರು ತೆಗೆದುಹಾಕಿ, ಹಣೆಯ ಚರ್ಮದ ಪಟ್ಟಿಯೊಂದನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ್ದರು. ಹಣೆಯ ನಡುವೆ ಉದ್ದ ಗೀರು ಉಳಿದಿತ್ತು. ಮೂಗು ತುಸು ದಪ್ಪ, ಬಣ್ಣವೂ ಬೇರೆ.

"ಏನಮ್ಮಾ, ನಿಮ್ಮಪ್ಪ ಕಾಣ್ತಾನೇ ಇಲ್ಲ?" ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು.

"ಊರಲ್ಲಿಲ್ಲ" ಎಂದುಬಿಟ್ಟಳು. ಪರದೆಯ ಹಿಂದೆ ಕತ್ತರಿಯ ಸದ್ದು ನಿಂತಿತು.

ಗಿರಾಕಿ ಹೋದ ಮೇಲೆ ಅಪ್ಪ ಹೊರಬಂದರು. "ಊರಿಂದ ಬಂದೆ ನೋಡು. ಗುರುತಿನ ಚೀಟಿಗೆ ಹೊಸ ಫೋಟೊ ಬೇಕಂತೆ, ತೆಗಿ."

ಅವಳು ಕ್ಯಾಮೆರಾದಿಂದ ತಲೆಯೆತ್ತದೆ ತೆಗೆದಳು. ಕಂಪ್ಯೂಟರಿನ ಮುಂದೆ ಕೂತಾಗ ಕೈ ತನ್ನಷ್ಟಕ್ಕೇ ಓಡಿತು. ಗೀರು ಹೋಯಿತು. ಹಳೆಯ ಫೋಟೊದ ಮೂಗು ಬಂದು ಕೂತಿತು.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಯಾರು ಇವನು? ಚೆನ್ನಾಗಿದ್ದಾನೆ."

"ನೀನೇ ಅಪ್ಪ."

"ಅಲ್ಲ ಪುಟ್ಟಿ, ಡಾಕ್ಟ್ರು ಅಷ್ಟು ಕಷ್ಟಪಟ್ಟು ಕಟ್ಟಿದ್ನ ನೀನು ಕೂತಲ್ಲೇ ಕೆಡವಿದ್ಯಲ್ಲ! ಈ ಚೀಟಿ ತೋರಿಸಿದ್ರೆ ನನ್ನನ್ನೇ ಕಳ್ಳ ಅಂತ ಹಿಡೀತಾರೆ."

ಅವಳಿಗೆ ನಗು ಬರಲಿಲ್ಲ. "ಗಿರಾಕಿಗಳು ಏನಂದ್ಕೋತಾರೋ ಅಂತ... ಅಂಟುರೋಗ ಅನ್ನೋರೂ ಇದ್ದಾರೆ."

"ಅನ್ನೋರಿಗೆ ಅಂಟಲ್ಲ ಅಂತ ಹೇಳ್ಬಹುದು. ನಾಚ್ಕೆ ಗಿರಾಕಿಗಳಿಗೋ, ನಿನಗೋ?"

ಅವಳ ಕಿವಿ ಬಿಸಿಯಾಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ಅಪ್ಪನೊಡನೆ ಮಾತಾಡುವಾಗಲೆಲ್ಲ ತಾನು ಮುಖ ಬಿಟ್ಟು ಅವರ ಅಂಗಿಯ ಗುಂಡಿ ನೋಡುತ್ತಿದ್ದೆ ಎಂಬುದು ಆಗ ಹೊಳೆಯಿತು. ಅಪ್ಪನಿಗೂ ಅದು ತಿಳಿದಿತ್ತು, ಹೇಳಿರಲಿಲ್ಲ, ಅಷ್ಟೇ.

ಆ ಚಿತ್ರವನ್ನು ಅಳಿಸಿದಳು. "ಇನ್ನೊಂದ್ಸಲ ಕೂತ್ಕೋ ಅಪ್ಪ."

ಅವರು ಕೂತರು. ಬಾಗಿಲಿಗೆ ಹೊಸ ಗಿರಾಕಿಗಳು ಬಂದು ನಿಂತರು. ಒಬ್ಬಾಕೆ ಅಪ್ಪನ ಮುಖ ಕಂಡು ಹಿಂಜರಿದಳು.

"ಬನ್ನಿ, ಒಳಗೆ ಕೂತ್ಕೊಳ್ಳಿ" ಎಂದಳು ಮಗಳು. "ಇವ್ರು ನಮ್ಮಪ್ಪ. ಮೂಗಿಗೆ ಕ್ಯಾನ್ಸರ್ ಆಗಿತ್ತು, ಆಪರೇಷನ್ ಆಗಿದೆ. ಇವರ ಫೋಟೊ ಮುಗೀಲಿ, ಆಮೇಲೆ ನಿಮ್ದು ಇವರೇ ತೆಗೀತಾರೆ."

ಅಪ್ಪನ ಮುಖ ನೇರ ಮಾಡಲು ಹತ್ತಿರ ಹೋದಳು. ಗಲ್ಲ ಹಿಡಿದಳು. ಆಮೇಲೆ, ಎಲ್ಲರೆದುರೇ, ಹೊಸ ಮೂಗಿನ ಮೇಲೆ ಬೆರಳಿಟ್ಟಳು. ಮೆತ್ತಗೆ, ಬೆಚ್ಚಗಿತ್ತು. ಅಪ್ಪ ಅಲುಗಾಡಲಿಲ್ಲ; ಅಲ್ಲಿ ಇನ್ನೂ ಸ್ಪರ್ಶ ತಿಳಿಯುತ್ತಿರಲಿಲ್ಲ.

"ಮುಟ್ಟಿದ್ಯಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ ಅಪ್ಪ" ಎಂದಳು, ಅವರ ಕಣ್ಣನ್ನೇ ನೋಡುತ್ತಾ.