ಬಕುನಾವಾನಿಗೆ ನಡಿಗೆ ಕಲಿಸಿದ್ದು

“ಮೊದಲು ಓಡೋದು ಕಲೀರಿ, ತಿಯಾ. ಹೊಡೆಯೋದು ಆಮೇಲೆ.”

ಅರ್ವಿನ್ ಇದನ್ನು ಎರಡನೆಯ ಸಲ ಹೇಳಿದ. ಚಿಕ್ಕಮ್ಮನೆಂಬ ಸಲುಗೆಯಲ್ಲಿ ಎಲ್ಲರೂ ತಿಯಾ ಎನ್ನುವ ಪುರಿಂಗಳ ತೋರುಬೆರಳು ಕೀಬೋರ್ಡಿನ ಮೇಲೆ ಗಾಳಿಯಲ್ಲೇ ನಿಂತಿತ್ತು, ಮೀನು ತಾಜಾ ಇದೆಯೇ ಎಂದು ಒತ್ತಿ ನೋಡಲು ಹೊರಟವರ ಬೆರಳಿನಂತೆ. ಪರದೆಯೊಳಗೆ ಕಬ್ಬಿಣದ ಗುರಾಣಿ ಹೊತ್ತ ದೈತ್ಯನೊಬ್ಬ ಹುಲ್ಲಿನ ಮೇಲೆ ಉಸಿರಾಡುತ್ತ ನಿಂತಿದ್ದ. ಪರದೆಯ ಆಚೆ, ಅದೇ ಕೋಣೆಯಲ್ಲಿ, ಆ ದೈತ್ಯನನ್ನು ಏಳು ವರ್ಷ ನಡೆಸಿದವನು ಬಿಳಿಯ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನು ಉಸಿರಾಡುತ್ತಿರಲಿಲ್ಲ.

“ಯಾಕೆ ಓಡ್ಬೇಕು? ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?”

“ಈಗ ಯಾರೂ ಇಲ್ಲ.”

“ಮತ್ತೆ?”

ಈ ಆಟಕ್ಕೆ ಹೊಸದಾಗಿ ಬರುವವರಿಗೆಂದು ಅರ್ವಿನ್ ಬರೆದಿಟ್ಟ ಸಲಹೆಗಳನ್ನು ಮನಿಲಾದಿಂದ ದಾವಾವೊವರೆಗೆ ಸಾವಿರಾರು ಮಂದಿ ಓದಿದ್ದರು. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಜಗಲಿಯ ಮೇಲೆ ಇಸ್ಪೀಟು ನಡೆದಿತ್ತು. ಸಾವಿನ ಮನೆಯಲ್ಲಿ ನಿದ್ದೆ ಬರಬಾರದಲ್ಲ. ಎಲೆ ಬೀಸುತ್ತಿದ್ದ ನೆರೆಮನೆಯ ಬೆಲೆನ್ ಅಕ್ಕ ಕಿಟಕಿಯಿಂದ ಕೂಗಿದಳು: “ಪುರಿಂಗ್! ಈ ವಯಸ್ಸಲ್ಲಿ ಕತ್ತಿ ಹಿಡಿದ್ಯಾ? ನಿನ್ನ ಗಂಡ ಇದ್ದಾಗ ಹಿಡೀಬೇಕಿತ್ತು!”

“ನೀನು ಎಲೆ ನೋಡ್ಕೋ. ಹೋದ ಸಲದ ಹಾಗೆ ಮಡಿಲಲ್ಲಿ ಮುಚ್ಚಿಟ್ಕೋಬೇಡ,” ಎಂದಳು ತಿಯಾ ಪುರಿಂಗ್, ಪರದೆಯಿಂದ ಕಣ್ಣು ತೆಗೆಯದೆ.

ಪೆಟ್ಟಿಗೆಯಲ್ಲಿದ್ದವನು ಅವಳ ಮಗ ಎಲ್ಮರ್. ಗಿಮಾರಾಸ್ ದ್ವೀಪಕ್ಕೆ ಹೋಗುವ ದೋಣಿಗಳಿಗೆ ಕಟ್ಟೆಯ ಮೇಲೆ ಕೂತು ಟಿಕೆಟ್ ಹರಿಯುತ್ತಿದ್ದ. ಡೆಂಗಿ ಬಂತು, ವಾರದೊಳಗೆ ಹೋದ. ಆಟದೊಳಗೆ ಅವನ ಹೆಸರು ಬಕುನಾವಾ. ಅದು ಚಂದ್ರನನ್ನು ನುಂಗುವ ಹಾವಿನ ಹೆಸರು. ಈ ಕಡೆಯ ಅಜ್ಜಿಯರು ಮಕ್ಕಳನ್ನು ಮಲಗಿಸಲು ಕರೆಯುವ ಹಾವು. ಆ ಆಟದಲ್ಲಿ ಒಮ್ಮೆ ಸತ್ತವನಿಗೆ ಮತ್ತೆ ಬದುಕಿಲ್ಲ. ಹೆಸರು, ಗುರಾಣಿ, ಗಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಬಕುನಾವಾ ಏಳು ವರ್ಷದಲ್ಲಿ ಒಮ್ಮೆಯೂ ಸತ್ತಿರಲಿಲ್ಲ. ಮುನ್ನೂರು ಜನರ ತಂಡಕ್ಕೆ ಅವನು ನಾಯಕ. ಅರ್ವಿನ್ ಉಪನಾಯಕ.

ಏಳು ವರ್ಷವೂ ದಿನಾ ಮಾತಾಡಿದ್ದರು. ಒಂದೇ ಇಲೋಯ್ಲೋ ಊರು, ಎರಡು ಜೀಪ್ನಿ ಬದಲಿಸಿದರೆ ಮನೆ. ಆದರೂ ಭೇಟಿಯಾಗಿರಲಿಲ್ಲ. ಇವತ್ತು ಮಧ್ಯಾಹ್ನ ಗಾಜಿನ ಮುಚ್ಚಳದ ಮೇಲೆ ಬಗ್ಗಿ ನೋಡಿದಾಗ ಅರ್ವಿನ್‌ಗೆ ಅನ್ನಿಸಿದ್ದು, ಇಷ್ಟು ಕುಳ್ಳನೇ ಎಂದು. ಅದರ ಹಿಂದೆಯೇ ದುಃಖ ಬಂದೀತೆಂದು ಮರ್ಯಾದೆಯಿಂದ ಕಾದ. ಬಂದದ್ದು ಬೇರೆ: ಪಾಸ್‌ವರ್ಡ್ ಯಾರಿಗಾದರೂ ಗೊತ್ತಿದೆಯೇ?

ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ನೆನಪಿತ್ತು.

ಅವನಿಗೆ ಬೇಕಾದದ್ದು ಒಂದೇ. ಬಕುನಾವಾ ಮತ್ತು ಅರ್ವಿನ್‌ನ ಸ್ವಂತ ಪಾತ್ರ ಕಾಲಾವ್ ಆಟದ ಊರಬಾಗಿಲಲ್ಲಿ ಎದುರುಬದುರು ನಿಲ್ಲಬೇಕು, ಬಕುನಾವಾನ ಕಡೆಯಿಂದ ಯಾರಾದರೂ ಒಂದು ಬಟನ್ ಒತ್ತಬೇಕು. ತಂಡದ ನಾಯಕತ್ವ ಕಾಲಾವ್‌ನದಾಗುತ್ತದೆ. ಅರ್ವಿನ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ. ಅವನು ಒಳಗೆ ಬಂದರೂ ಹೊರಗೆ ಹೋದರೂ ಹುಡುಗರ ತಲೆ ಫೋನಿನಿಂದ ಏಳುತ್ತಿರಲಿಲ್ಲ. ಆಟದಲ್ಲಿ ಮಾತ್ರ ಅವನು ನಿಲ್ಲಿ ಎಂದರೆ ಮುನ್ನೂರು ಜನ ನಿಲ್ಲುತ್ತಿದ್ದರು, ಬಕುನಾವಾ ಹೂಂ ಅಂದ ಮೇಲೆ.

ಜೇಬಿನಲ್ಲಿ ಫೋನ್ ನಡುಗಿತು. ತಂಡದ ಲಿಟೊ. “ಒತ್ತಿಸಿದ್ಯಾ? ಇಲ್ಲಿ ಅರ್ಧ ಜನ ಬೇರೆ ತಂಡಕ್ಕೆ ಹೊರಟು ನಿಂತಿದ್ದಾರೆ. ಸಂಜೆವರೆಗೆ ಹಿಡ್ಕೊಂಡಿರ್ತೀನಿ. ಅಷ್ಟೇ.”

ಒತ್ತಿಸುವುದು ಸುಲಭವೆಂದುಕೊಂಡಿದ್ದ. ಆದರೆ ತಿಯಾ ಪುರಿಂಗ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಳು. “ಊಟಕ್ಕೆ ಕರೆದ್ರೆ ‘ಒಂದು ನಿಮಿಷ, ಅಮ್ಮಾ’ ಅಂತಿದ್ದ. ಅನ್ನ ಆರಿ ಕಲ್ಲಾಗೋದು. ಆ ಒಂದು ನಿಮಿಷ ಎಲ್ಲಿರ್ತಿದ್ದ ಅಂತ ನಾನು ನೋಡ್ಬೇಕು. ನಡೆಯೋದು ಹೇಳ್ಕೊಡು, ತೋತೋ.” ಈ ಕಡೆ ಹಿರಿಯರಿಗೆ ಹುಡುಗರೆಲ್ಲ ತೋತೋ.

ಅವಳು ನಡೆದಳು. ಬಕುನಾವಾ ಕುಡಿದವನಂತೆ ಓಲಾಡಿ ಒಂದು ಗೋಡೆಗೆ ಹಾಯ್ದು, ಗೋಡೆಗೆ ಮುಖ ಹಚ್ಚಿಯೇ ಕಾಲು ಹಾಕುತ್ತಿದ್ದ.

“ಬಲಕ್ಕೆ, ತಿಯಾ. ಬಲಕ್ಕೆ.”

“ಅವನ ಬಲವಾ, ನನ್ನ ಬಲವಾ?”

“ಎರಡೂ ಒಂದೇ.”

“ಹಾಗಂತೀಯ.”

ಹೇಗೋ ಬಯಲಿಗೆ ಬಂದರು. ಅರ್ವಿನ್ ಫೋನಿನಲ್ಲಿ ತನ್ನ ಕಾಲಾವ್‌ನನ್ನೂ ಇಳಿಸಿದ. ಕಪ್ಪು ಗರಿಯ ಮೇಲಂಗಿ, ಕೈಯಲ್ಲಿ ಗಾಯ ಮಾಯಿಸುವ ಕೋಲು. ಅವಳಿಗೆ ಒಂದೊಂದಾಗಿ ಹೇಳುತ್ತ ಹೋದ. ಅರ್ಧ ಪ್ರಾಣ ಉಳಿದಿದೆ ಅನ್ನುವಾಗಲೇ ಮದ್ದು ಕುಡಿಯಬೇಕು, ಕಾಲು ಭಾಗಕ್ಕೆ ಇಳಿದ ಮೇಲೆ ಕುಡಿಯುವವನು ಉಳಿಯುವುದಿಲ್ಲ. ಹೊಸ ಜಾಗಕ್ಕೆ ಕಾಲಿಡುವ ಮೊದಲು ಹೊರಬರುವ ದಾರಿ ನೋಡಿಟ್ಟುಕೊಳ್ಳಬೇಕು. ಮೊದಲು ಸಿಕ್ಕಿದ ಕತ್ತಿಯನ್ನು ಮಾರಬಾರದು. ಗುರಾಣಿಯವನು ಮುಂದೆ, ಕೋಲಿನವನು ಹಿಂದೆ. ಅವನ ದನಿ ಪಾಠದ ದನಿಯಾಗಿತ್ತು. ಅದು ಅವನಿಗೇ ಕೇಳಿ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಸುಖವೂ ಆಯಿತು.

“ಇನ್ನೊಂದು. ಗುರುತಿಲ್ಲದವರು ಸುಮ್ಸುಮ್ನೆ ಏನಾದ್ರೂ ಕೊಡೋಕೆ ಬಂದ್ರೆ ತಗೋಬೇಡಿ. ಅವರಿಗೆ ನಿಮ್ಮಿಂದ ಏನೋ ಬೇಕಾಗಿರುತ್ತೆ.”

ತಿಯಾ ಪುರಿಂಗ್ ತಲೆಯಾಡಿಸಿದಳು. ಅವನು ಬರುವಾಗ ತಂದಿದ್ದ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಚೂರು ಆಚೆ ಸರಿಸಿ, ಕೈಗೆ ಜಾಗ ಮಾಡಿಕೊಂಡಳು.

ದಾರಿಯಲ್ಲಿ ಒಂದು ಹುತ್ತ ಸಿಕ್ಕಿತು. ಅಲಂಕಾರಕ್ಕೆಂದು ಯಾರೋ ಚಿತ್ರಕಾರ ಬಿಡಿಸಿಟ್ಟ ಹುತ್ತ. ಅರ್ವಿನ್ ಸಾವಿರ ಸಲ ತುಳಿದು ದಾಟಿದ್ದ. ಅವಳು ನಿಂತಳು. ತುಟಿಯಲ್ಲೇ ಅಂದಳು: “ದಾರಿ ಬಿಡಿ ಅಜ್ಜಾ, ಹಾದು ಹೋಗೋರು ನಾವು.” ಅರ್ವಿನ್‌ನ ಅಜ್ಜಿಯೂ ಬೇಲಿಯಾಚೆ ಹೋಗುವಾಗ ಹೀಗೇ ಅನ್ನುತ್ತಿದ್ದಳು, ಹುತ್ತದೊಳಗೆ ಕಣ್ಣಿಗೆ ಕಾಣದ ಮುದುಕನಿದ್ದಾನೆ, ಅನ್ನದೆ ತುಳಿದವನ ಕಾಲು ಬಾಯುತ್ತದೆಂದು ಹೆದರಿಸುತ್ತಿದ್ದಳು. ಅವನ ನಾಲಿಗೆ ಒಳಗೆ ಹೊರಳಿತು. ಅದನ್ನು ಹಲ್ಲಿನಿಂದ ಹಿಡಿದ.

“ಅದು ಬರೀ ಚಿತ್ರ, ತಿಯಾ.”

“ಇವನೂ ಚಿತ್ರವೇ ತಾನೇ?” ಎಂದು ಬಕುನಾವಾನನ್ನು ತೋರಿಸಿದಳು. “ಮತ್ತೆ ಇವನಿಗೋಸ್ಕರ ಯಾಕೆ ಬಂದೆ?”

ಹುತ್ತವನ್ನು ಬಳಸಿ ಹೋದವಳು ದಾರಿ ತಪ್ಪಿದಳು. ಹುಲ್ಲು ಕಪ್ಪಾಯಿತು. ಮುಂದೆ ಜೌಗು. ಎಷ್ಟೋ ಪಳಗಿದವರ ಹೆಸರು ಅಳಿಸಿದ ನೀರು ಅದು. ಬಕುನಾವಾನ ಪಾದ ಅಂಚು ಮುಟ್ಟಿದ್ದೇ ಅರ್ವಿನ್ ಅವಳ ಕೈಯನ್ನು ಹಿಡಿದು ಕೀಬೋರ್ಡಿನಿಂದ ಎತ್ತಿಬಿಟ್ಟ. ಕೈ ತಣ್ಣಗಿತ್ತು, ಬೆಳ್ಳುಳ್ಳಿ ವಾಸನೆಯಿತ್ತು.

“ಇಲ್ಲಿ ಸತ್ರೆ?”

“ಮುಗೀತು.”

“ಇವನೂ?”

“ಇವನೂ.”

ಅವಳು ಕೈ ಬಿಡಿಸಿಕೊಂಡು, ಬಹಳ ಜಾಗ್ರತೆಯಿಂದ, ಒಂದೊಂದೇ ಹೆಜ್ಜೆ ಹಿಂದೆ ನಡೆಸಿದಳು. ಅರ್ವಿನ್ ನಡೆದದ್ದನ್ನು ಲಿಟೊಗೆ ಬರೆದ. ಯಾಕೆ ಬರೆದನೋ, ಶಹಭಾಸ್ ಅನ್ನಿಸಿಕೊಳ್ಳಲಿಕ್ಕಿರಬೇಕು. ಉತ್ತರ ತಕ್ಷಣ ಬಂತು.

“ಹುಚ್ಚಾ! ಬಿಟ್ಬಿಡ್ಬೇಕಿತ್ತು. ನಾಯಕ ಸತ್ರೆ ಉಪನಾಯಕನೇ ನಾಯಕ. ಒತ್ತೋದೂ ಬೇಡ, ಕೇಳೋದೂ ಬೇಡ.”

ಅವನು ಫೋನನ್ನು ಮಗುಚಿ ಇಟ್ಟ. ಈ ನಿಯಮ ತನಗೆ ಗೊತ್ತಿತ್ತೇ? ಗೊತ್ತಿತ್ತು. ತಾನೇ ಹೊಸಬರಿಗೆ ಬರೆದು ತಿಳಿಸಿದ್ದ ನಿಯಮ.

ಊರಬಾಗಿಲಿಗೆ ಬಂದರು. ಬಕುನಾವಾ ಮತ್ತು ಕಾಲಾವ್ ಎದುರುಬದುರಾದರು. ಅರ್ವಿನ್ ಪರದೆಯ ಮೂಲೆಗೆ ಬೆರಳಿಟ್ಟ. “ತಿಯಾ, ಇಲ್ಲಿ ಒಂದು ಬಟನ್ ಇದೆ. ಇದನ್ನ ಒತ್ತಿದ್ರೆ ತಂಡದ ಜವಾಬ್ದಾರಿ ನನಗೆ ಬರುತ್ತೆ. ಎಲ್ಮರ್ ಕಟ್ಟಿದ್ದು ಚೆದುರಿ ಹೋಗ್ಬಾರ್ದು ಅಂತ.”

“ಒತ್ತಿದ್ರೆ ಇವನು ಏನಾಗ್ತಾನೆ?”

“ಏನೂ ಆಗಲ್ಲ. ಎಲ್ಲರ ಹಾಗೆ ಒಬ್ಬ.”

ಅವಳು ನೆಲ ನೋಡಿದಳು. ಅವನೂ ನೋಡಿದ. ಕಡಲೆಕಾಯಿ ಸಿಪ್ಪೆ, ಮಿಠಾಯಿ ಕಾಗದ, ಹೂವಿನ ದಳ, ನಾಲ್ಕು ದಿನದ ಕಸ.

“ಮಣ್ಣಾಗೋವರೆಗೆ ಮನೆಯಿಂದ ಏನೂ ಆಚೆ ಹೋಗ್ಬಾರ್ದು, ತೋತೋ. ಪೊರಕೆ ಕೂಡ ಮುಟ್ಟಿಲ್ಲ ನಾನು. ಕಸವನ್ನೇ ಬಿಟ್ಟುಕೊಡದ ಮನೆಯಿಂದ ನೀನು ಇದನ್ನ ಕೇಳ್ತೀಯಲ್ಲ.”

“ಮಣ್ಣು ಯಾವತ್ತು?”

“ಸೋಮವಾರ. ಅವನ ಅಣ್ಣ ಸೌದಿಯಿಂದ ಬರ್ಬೇಕು.”

“ಸೋಮವಾರ ತಡ ಆಗುತ್ತೆ.”

“ಯಾರಿಗೆ?”

ಅವಳ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ಕೋಪ ಮಾಡಿಕೊಳ್ಳಬಹುದಿತ್ತು.

ಒಳಗಿನಿಂದ ಹೆಂಗಸರು ಜಪಮಾಲೆ ಹಿಡಿದು ಬರತೊಡಗಿದರು. ಪ್ರಾರ್ಥನೆಯ ಹೊತ್ತು. ತಿಯಾ ಪುರಿಂಗ್ ಏಳಲಾರದೆ ಕೂತಳು. “ಇವನನ್ನ ಹೀಗೆ ಒಬ್ಬನೇ ನಿಲ್ಲಿಸಿ ಹೋಗೋದಾ? ಅಲ್ಲಿ ಪೆಟ್ಟಿಗೆ ಹತ್ರ ಯಾರಾದ್ರೂ ಇದ್ದೇ ಇರ್ತಾರೆ. ಇಲ್ಲಿ?”

ಅರ್ವಿನ್ ಎದ್ದು ಹೋಗಬೇಕಿತ್ತು. ಆದರೆ ಹೊಸಬರು ಕೇಳಿದರೆ ಹೇಳಿಯೇ ತೀರುವ ಚಟ. “ನನ್ನ ಕಾಲಾವ್ ಮೇಲೆ ಬಾಣದ ಗುರುತಿಟ್ಟು ಈ ಕೀ ಒತ್ತಿ. ಆಮೇಲೆ ನೀವೇನೂ ಮಾಡೋದು ಬೇಡ. ನಾನು ಹೋದಲ್ಲಿಗೆ ಇವನು ಹಿಂದೆ ಹಿಂದೆ ಬರ್ತಾನೆ. ಬಿಡಿಸೋವರೆಗೂ ಬಿಡಲ್ಲ.”

“ನೀನು ಇಲ್ದೆ ಇದ್ರೆ?”

“ಇದ್ದಲ್ಲೇ ಕಾಯ್ತಾನೆ.”

ಅವಳು ಒತ್ತಿದಳು. ಅವತ್ತು ಮಧ್ಯಾಹ್ನ ಅವಳು ತಡವರಿಸದೆ ಒತ್ತಿದ ಕೀ ಅದೊಂದೇ. “ಹಾಗಾದ್ರೆ ನಿನ್ನ ಜೊತೆ ಇರ್ಲಿ,” ಎಂದು ಎದ್ದು, ತಲೆಗೆ ಕಪ್ಪು ವಸ್ತ್ರ ಹೊದ್ದು, ಪೆಟ್ಟಿಗೆಯ ಕಡೆ ನಡೆದಳು.

ಹೊರಡುವಾಗ ಯಾರೂ ಬಾಗಿಲವರೆಗೆ ಬರಲಿಲ್ಲ; ಬರಬಾರದು. ಮೆಟ್ಟಿಲಿಳಿಯುತ್ತಿದ್ದಂತೆ ಬೆಲೆನ್ ಎಲೆಯಿಂದ ತಲೆಯೆತ್ತಿದಳು. “ಏ ಮೇಷ್ಟ್ರೇ, ನೇರ ಮನೆಗೆ ಹೋಗ್ಬೇಡಿ. ಎಲ್ಲಾದ್ರೂ ಕೂತು ಎದ್ದು ಹೋಗಿ. ಇಲ್ಲಾಂದ್ರೆ ಹೋದವನು ಹಿಂದೇನೇ ಬಂದ್ಬಿಡ್ತಾನೆ.”

“ನಾನು ತರ್ಕಶಾಸ್ತ್ರ ಪಾಠ ಮಾಡೋನು.”

“ಮಾಡಿ, ಬೇಡ ಅಂದವರ್ಯಾರು? ಕೂತು ಎದ್ದು, ಆಮೇಲೆ ಮಾಡಿ.”

ತನಗೆ ಅಂಥ ನಂಬಿಕೆಯೇನೂ ಇಲ್ಲ ಎಂದು ಹೇಳಿಕೊಳ್ಳುತ್ತಲೇ ಅವನು ಮೋಲೊ ಪ್ಲಾಜಾದಲ್ಲಿ ಜೀಪ್ನಿಯಿಂದ ಇಳಿದ. ಇಗರ್ಜಿಯ ಎದುರಿನ ಸಾಲಿನಲ್ಲಿ ಒಂದು ಇಂಟರ್ನೆಟ್ ಅಂಗಡಿಯಿತ್ತು. ಫೋನಿನಲ್ಲಿ ಬ್ಯಾಟರಿ ಮುಗಿಯುತ್ತ ಬಂದಿದೆ, ತಂಡಕ್ಕೆ ಏನಾದರೂ ಹೇಳಬೇಕಲ್ಲ, ಅದಕ್ಕೇ. ಅಂಗಡಿಯವಳು ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಮೂಲೆಯ ಯಂತ್ರವನ್ನು ಗದ್ದದಲ್ಲಿ ತೋರಿಸಿದಳು.

ಊರಬಾಗಿಲಲ್ಲಿ ಕಾಲಾವ್ ಕಣ್ಣು ತೆರೆದ. ಲಿಟೊನ ಸಾಲುಗಳು ಒಂದರ ಮೇಲೊಂದು ಬಿದ್ದವು. “ಬಂದ್ಯಾ? ಹದಿನೈದು ಜನ ಹೋದ್ರು. ಏನಾಯ್ತು?” ಅರ್ವಿನ್ ಉತ್ತರಿಸದೆ ಎರಡು ಹೆಜ್ಜೆ ನಡೆದ.

ಹಿಂದೆ ಎರಡು ಹೆಜ್ಜೆಯ ಸಪ್ಪಳ. ಕಬ್ಬಿಣದ್ದು.

ನಿಂತ. ಸಪ್ಪಳವೂ ನಿಂತಿತು.

ಅವನಿಗೆ ನಗು ಬರಬೇಕಿತ್ತು. ಬೆನ್ನಿನ ಮೇಲೆ ಅಂಗಿ ಅಂಟಿಕೊಂಡಿತು. ಅಲ್ಲಿ, ಆ ಮನೆಯಲ್ಲಿ, ಕುರ್ಚಿ ಖಾಲಿಯಿರುತ್ತದೆ. ಅವಳು ಪೆಟ್ಟಿಗೆಯ ಕಡೆ ಮುಖ ಮಾಡಿ ಮಣಿ ಎಣಿಸುತ್ತಿರುತ್ತಾಳೆ. ಯಾರೂ ನೋಡುತ್ತಿಲ್ಲ. ಒಬ್ಬನನ್ನು ನಡೆಸಿಕೊಂಡು ಹೋಗುವುದಕ್ಕೆ ಯಾರನ್ನು ಕೇಳಬೇಕು? ಅವಳೇ ಜೊತೆಗೆ ಕಳಿಸಿದ್ದಾಳೆ.

ಅವನು ಬಯಲು ದಾಟಿದ. ದಾಟುವುದಷ್ಟೇ, ಬೇರೇನೂ ಅಲ್ಲ. ಬೇಕಾದರೆ ಎಲ್ಲಿಂದಲಾದರೂ ತಿರುಗಬಹುದು. ಹುತ್ತ ಬಂತು, ಹೋಯಿತು. ಹುಲ್ಲು ಕಪ್ಪಾಯಿತು.

“ಎಲ್ಲಿದೀಯಾ? ಇನ್ನೂ ಹತ್ತು ಜನ ಹೋದ್ರು,” ಎಂದ ಲಿಟೊ.

ನೀರು ಕಾಲಾವ್‌ನ ಹಿಮ್ಮಡಿ ಮುಟ್ಟಿತು, ಆಮೇಲೆ ಮೊಣಕಾಲು. ಹಿಂದಿನ ಸಪ್ಪಳ ಮೆತ್ತಗಾಗಿ ನೀರಿನ ಸದ್ದಾಯಿತು. ಆದರೆ ಬಿಡಲಿಲ್ಲ. ಎಲ್ಲಿಗೆ ಎಂದು ಕೇಳಲಿಲ್ಲ. ಏಳು ವರ್ಷ ತಾನು ಆ ಗುರಾಣಿಯ ಮರೆಯಲ್ಲಿ ಹೀಗೇ ಹಿಂದೆ ಹಿಂದೆ ನಡೆದದ್ದು, ಎಲ್ಲಿಗೆ ಎಂದು ತಾನೂ ಕೇಳಿರಲಿಲ್ಲ.

ದೂರದಲ್ಲಿ ಜೌಗಿನ ಮೇಲೆ ಗುಳ್ಳೆಗಳೆದ್ದವು. ಒಂದು ಸಾಲು, ಇವರ ಕಡೆಗೆ.

ಅರ್ವಿನ್ ನಿಂತ. ಈಗ ಆಟ ಬಿಟ್ಟು ಎದ್ದರೆ ಕಾಲಾವ್ ಮಾಯವಾಗುತ್ತಾನೆ. ಇನ್ನೊಬ್ಬ ಇದ್ದಲ್ಲೇ ಕಾಯುತ್ತಾನೆ, ಗುಳ್ಳೆಗಳಡಿಯದ್ದು ಬಂದು ಮುಟ್ಟುವವರೆಗೆ. ಮುಂದೆ ಹೋದರೂ ಅದೇ. ಹಿಂದೆ ಹೋಗಬಹುದು. ಹೋಗುವ ಮೊದಲು ಒಮ್ಮೆ ಅವನನ್ನು ಎದುರಿನಿಂದ ನೋಡಬೇಕೆನ್ನಿಸಿತು. ಗಾಜಿನ ಕೆಳಗಿನ ಆ ಕುಳ್ಳನ ಮುಖವಲ್ಲ, ಇದನ್ನು.

ತಿರುಗಿದ. ಆಡುವವನ ಪಾತ್ರವನ್ನು ಯಾವಾಗಲೂ ಹಿಂದಿನಿಂದಲೇ ತೋರಿಸುವ ಪರದೆಯೂ ಅವನ ಜೊತೆ ತಿರುಗಿತು. ಬಕುನಾವಾ ನೀರು ಸೀಳಿಕೊಂಡು ಸರಿದು ಮತ್ತೆ ಕಾಲಾವ್‌ನ ಹಿಂದೆ ಬಂದ. ಪರದೆಯ ತುಂಬ ಕಾಣುತ್ತಿದ್ದದ್ದು ಬಕುನಾವಾನ ಅಗಲ ಬೆನ್ನು, ಅದಕ್ಕೆ ಕಟ್ಟಿದ ತುಕ್ಕಿನ ಗುರಾಣಿ. ಅದರಾಚೆ ಎಲ್ಲೋ ಕಾಲಾವ್ ಇರಬೇಕು. ಗರಿಯ ಒಂದು ತುದಿಯೂ ಕಾಣಲಿಲ್ಲ.

ಎಡಕ್ಕೆ ತಿರುಗಿದ. ಬೆನ್ನು. ಬಲಕ್ಕೆ. ಬೆನ್ನು.

“ಇನ್ನೂ ಹೊತ್ತು ಬೇಕಾ?” ಎಂದಳು ಅಂಗಡಿಯವಳು, ತಲೆಯ ಹಿಂದಿನಿಂದ.

ಅವನ ಬೆರಳು ಕೀಯನ್ನು ಒತ್ತಿ ಹಿಡಿದೇ ಇತ್ತು. ಗುಳ್ಳೆಗಳ ಸಾಲು ಹತ್ತಿರವಾಗುತ್ತಿತ್ತು. ಕಪ್ಪು ನೀರಿನ ನಡುವೆ ಆ ಬೆನ್ನು ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು, ಅದರ ಮರೆಯಲ್ಲಿ ಯಾರಾದರೂ ಇದ್ದಾರೆಯೇ ಇಲ್ಲವೇ ಎಂದು ಈ ಕಡೆಯಿಂದ ಹೇಳುವಂತಿರಲಿಲ್ಲ.