ಬಾವಿಗೆ ಹಾಕಿದ ಔಷಧ

೧೯೩೪ರ ವೈಶಾಖದಲ್ಲಿ ಪಾಪಿನಾಯಕನಹಳ್ಳಿಗೆ ಕಾಲರಾ ಬಂತು. ಮೂರು ದಿನದಲ್ಲಿ ಏಳು ಜನ ಹೋದರು. ನಾಲ್ಕನೆಯ ದಿನ ಬೆಳಿಗ್ಗೆ ಹೊಸಪೇಟೆಯಿಂದ ಹೆಲ್ತ್ ಇನ್‌ಸ್ಪೆಕ್ಟರ್ ವ್ಯಾಸರಾಜ ಸೈಕಲ್ ತುಳಿದುಕೊಂಡು ಬಂದ. ಅವನ ಚೀಲದಲ್ಲಿ ಬಾವಿಗೆ ಹಾಕುವ ಔಷಧವಿತ್ತು, ಚುಚ್ಚುಮದ್ದು ಇರಲಿಲ್ಲ. ಇದ್ದದ್ದೆಲ್ಲ ಹಂಪಿಗೆ ಬಂದ ಯಾತ್ರಿಕರಿಗೇ ಮುಗಿದಿತ್ತು. ಇನ್ನಷ್ಟು ಕಳಿಸಿ ಎಂದು ಮಾಘದಿಂದಲೇ ಮೇಲಿನವರಿಗೆ ಮೂರು ಸಲ ಬರೆದಿದ್ದ.

ಆ ಬೇಸಿಗೆಯಲ್ಲಿ ಬತ್ತದೆ ಉಳಿದದ್ದು ಒಂದೇ ಬಾವಿ. ವ್ಯಾಸರಾಜ ಔಷಧವನ್ನು ಬಕೀಟಿನಲ್ಲಿ ಕದಡಿ ಅದಕ್ಕೆ ಸುರಿದ. ನೀರು ಕೆಂಪಗಾಯಿತು.

"ನಾಳೆ ಬೆಳಿಗ್ಗಿ ತನಕ ಯಾರೂ ಸೇದಬ್ಯಾಡ್ರಿ," ಎಂದ.

"ಅಲ್ಲಿ ತನಕ ಏನ್ ಕುಡೀಬೇಕ್ರಿ ಸಾಹೇಬ್ರ?" ಊರ ಗೌಡ ಮೈಲಾರಲಿಂಗಪ್ಪ ಕೇಳಿದ.

"ಹೊಸಪೇಟಿಯಿಂದ ನೀರಿನ ಬಂಡಿ ಬರ್ತದ. ಹೇಳಿ ಬಂದೀನಿ."

ಮಧ್ಯಾಹ್ನವಾದರೂ ಬಂಡಿ ಬರಲಿಲ್ಲ. ವ್ಯಾಸರಾಜ ಮನೆಮನೆಗೆ ಹೋಗಿ ಸುಣ್ಣ ಹಾಕಿಸುತ್ತ ಭೀಮಮ್ಮನ ಮನೆಗೆ ಬಂದ. ಅವಳ ಗಂಡ ಜಡೆಪ್ಪ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಅವಳ ಆರು ವರ್ಷದ ಮಗಳು ಹೊನ್ನೂರಮ್ಮ ಬರಿದಾದ ಕೊಡದೊಳಗೆ ಕೈಯಿಟ್ಟು ತಳ ಸವರಿ ನೆಕ್ಕುತ್ತಿದ್ದಳು. ವ್ಯಾಸರಾಜ ತನ್ನ ತಂಬಿಗೆಯ ನೀರನ್ನೆಲ್ಲ ಅವಳಿಗೆ ಕೊಟ್ಟ. ಒಂದೇ ಉಸಿರಿಗೆ ಕುಡಿದು, "ಇನ್ನೊಂದೀಟು," ಎಂದಳು. ಅವನ ಬಳಿ ಇನ್ನಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೆಂಗಸರು ಹಳ್ಳದ ಕಡೆಯಿಂದ ಕೊಡ ಹೊತ್ತು ಬರುವುದನ್ನು ಕಂಡ. ಸತ್ತವರ ಹಾಸಿಗೆ ಬಟ್ಟೆ ಒಗೆದದ್ದು ಅದೇ ಹಳ್ಳದಲ್ಲಿ. ಓಡಿಹೋಗಿ ಅಡ್ಡ ನಿಂತ.

"ಚೆಲ್ರಿ, ಚೆಲ್ರಿ! ಆ ನೀರಾಗ ರೋಗ ಐತಿ!"

ಮುಂದಿದ್ದವಳು ಭೀಮಮ್ಮ. "ಬಾವ್ಯಾಗೂ ಐತಿ ಅಂದ್ರಿ, ಹಳ್ಳದಾಗೂ ಐತಿ ಅಂತೀರಿ. ಎಲ್ಲಿ ಇಲ್ಲ, ಅಷ್ಟು ಹೇಳ್ರಿ. ಅಲ್ಲಿಗೇ ಹೋಗ್ತೀನಿ."

"ಕುದಿಸ್ಯಾರ ಕುಡೀರವ್ವ," ಎಂದ.

"ಕಟ್ಟಿಗಿ ಎಲ್ಲೈತ್ರಿ? ಗುಡ್ಡದಾಗ ಒಂದು ಕಡ್ಡಿ ಮುರದ್ರ ಫಾರೆಸ್ಟ್ ಗಾರ್ಡ್ ಹಿಡೀತಾನ."

ಅವಳು ಅವನನ್ನು ಬಳಸಿಕೊಂಡು ಹೋದಳು. ಉಳಿದವರೂ ಹೋದರು. ಹಿಡಿದು ನಿಲ್ಲಿಸಬಹುದಿತ್ತು, ಆದರೆ ಕೈ ಏಳಲಿಲ್ಲ.

ಎರಡು ದಿನ ಕಳೆದು ಹೊನ್ನೂರಮ್ಮನಿಗೆ ವಾಂತಿಭೇದಿ ಶುರುವಾಯಿತು. ಬೆಳಗಿನಿಂದ ಹತ್ತು ಸಲ ಆಯಿತೆಂದು ಭೀಮಮ್ಮ ಹೇಳುವಾಗಲೇ ಮಗುವಿನ ಕಣ್ಣು ಗುಳಿಬಿದ್ದಿದ್ದವು. ಹೊಸಪೇಟೆಯ ಆಸ್ಪತ್ರೆಯಲ್ಲಿ ಸೂಜಿಯಿಂದ ಉಪ್ಪುನೀರು ಏರಿಸುತ್ತಾರೆಂದು ವ್ಯಾಸರಾಜನಿಗೆ ಗೊತ್ತಿತ್ತು. ಗೌಡನೇ ಬಂಡಿ ಹೂಡಿದ. ವ್ಯಾಸರಾಜ ದಾರಿಯುದ್ದಕ್ಕೂ ಹನಿಹನಿ ನೀರು ಬಾಯಿಗೆ ಬಿಡುತ್ತ ಕುಳಿತ. ಬಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು.

"ಜಲ್ದಿ ಹೊಡೀರಿ ಗೌಡ್ರ."

"ಎತ್ತೂ ಹೊಟ್ಟಿ ತುಂಬ ನೀರು ಕಂಡಿಲ್ರಿ," ಎಂದ ಮೈಲಾರಲಿಂಗಪ್ಪ.

ಕಾರಿಗನೂರು ದಾಟುವಷ್ಟರಲ್ಲಿ ಭೀಮಮ್ಮ ಮಗಳ ಮುಖದ ಮೇಲಿನ ಸೆರಗು ಸರಿಸಿ ನೋಡಿದಳು. ಅಳಲಿಲ್ಲ. ಇನ್‌ಸ್ಪೆಕ್ಟರನ ಕಡೆ ತಿರುಗಿಯೂ ನೋಡಲಿಲ್ಲ.

"ಬಂಡಿ ತಿರುವ್ರಿ ಗೌಡ್ರ. ಅವರಪ್ಪನ ಮಗ್ಗಲಾಗ ಮಲಗಸ್ತೀನಿ."

ಬಂಡಿ ತಿರುಗಿತು. ವ್ಯಾಸರಾಜನಿಗೆ ಅವಳ ಎದುರು ಕುಳಿತಿರಲು ಆಗಲಿಲ್ಲ. ಕೆಳಗಿಳಿದು, ಬಿಸಿಲಲ್ಲಿ ಬಂಡಿಯ ಹಿಂದೆ ಊರಿನವರೆಗೂ ನಡೆದ.